ಜುಲೈ ತಿಂಗಳ ಮೂರು ಒಣ ದಿನ: ಫೈಲಿನ ತೂತು, ಸೊನ್ನೆ ತುಂಬಿದ ಪುಟ ಮತ್ತು ಪೇಜ್ ಕ್ಯಾಶ್ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಶಿರಸಿ ಸೀಮೆಯಲ್ಲಿ ಜುಲೈ ನಡುವೆ ಮೂರು ದಿನ ಒಂದು ಹನಿ ಮಳೆಯೂ ಬೀಳಲಿಲ್ಲ ಅಂದರೆ ಇಲ್ಲಿಯವರು ಯಾರೂ ನಂಬುವುದಿಲ್ಲ. ನನ್ನ ಕಂಪ್ಯೂಟರ್ ಮಾತ್ರ ಹಾಗೇ ಹೇಳಿತು. ಗ್ರಾಫಿನಲ್ಲಿ ಜುಲೈ 12ರಿಂದ 15ರವರೆಗೆ ಗೆರೆ ನೆಲಕ್ಕೆ ಅಂಟಿಕೊಂಡು ಮಲಗಿತ್ತು.

ನಮ್ಮ ಅಂಗಳದಲ್ಲಿ ಒಂದು ಮಳೆಮಾಪಕ ಇದೆ. 0.2 ಮಿಲಿಮೀಟರ್ ಮಳೆ ಬಿದ್ದಾಗಲೆಲ್ಲ ಅದರೊಳಗಿನ ಪುಟ್ಟ ಬಟ್ಟಲು ಒಮ್ಮೆ ಮಗುಚುತ್ತದೆ. ಅದರ ತಂತಿ ಜಗಲಿಯಲ್ಲಿರುವ ಹಳೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ಗೆ ಬರುತ್ತದೆ. ಪ್ರತಿ ನಿಮಿಷಕ್ಕೆ 64 ಬೈಟಿನ ಒಂದು ದಾಖಲೆ ಫೈಲಿಗೆ ಹೋಗುತ್ತದೆ. ವರ್ಷದ ಮೊದಲ ನಿಮಿಷದ ದಾಖಲೆ ಫೈಲಿನ ತಲೆಯಲ್ಲಿ, ಎರಡನೆಯದು 64ನೇ ಬೈಟಿನಲ್ಲಿ, ಮೂರನೆಯದು 128ರಲ್ಲಿ, ಹೀಗೆ. ಯಾವ ನಿಮಿಷದ ದಾಖಲೆ ಬೇಕಾದರೂ ಗುಣಾಕಾರ ಮಾಡಿ ನೇರ ಅಲ್ಲಿಗೇ ಹೋಗಬಹುದು. ಹುಡುಕುವ ಕೆಲಸವೇ ಇಲ್ಲ.

ಆ ಜುಲೈ 12ರಂದು ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿತ್ತು. ಬೆಳಿಗ್ಗೆ 10:20ಕ್ಕೆ ಇನ್ವರ್ಟರ್ ಕೂಡ ಕೈಬಿಟ್ಟಿತು. ಪೈ ಮತ್ತೆ ಎದ್ದದ್ದು 15ರ ಬೆಳಿಗ್ಗೆ 10:20ಕ್ಕೆ. ನಡುವಿನ 4,320 ನಿಮಿಷಗಳ ದಾಖಲೆಯನ್ನು ಯಾರೂ ಬರೆಯಲಿಲ್ಲ. ಆದರೂ ಓದುವಾಗ ಅಲ್ಲೆಲ್ಲ ಸೊನ್ನೆ ಸಿಕ್ಕಿತು. ಅಡಿಕೆಯ ಕೊಳೆರೋಗಕ್ಕೆ ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಯಲು ಯಾವಾಗ ಹೊಳವು (ಮಳೆ ಬಿಡುವು) ಸಿಗಬಹುದು ಎಂದು ಹಳೆಯ ಲೆಕ್ಕ ನೋಡಲು ಬಂದ ಪಕ್ಕದ ತೋಟದವರಿಗೆ ನಾನು ತೋರಿಸಿದ್ದು ಈ ಗ್ರಾಫನ್ನೇ. ‘ಮಳೆ ಇಲ್ಲ’ ಎನ್ನುವುದೂ ‘ದಾಖಲೆ ಇಲ್ಲ’ ಎನ್ನುವುದೂ ಒಂದೇ ಅಲ್ಲ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಈ ಎರಡನ್ನೂ ಒಂದೇ ಸೊನ್ನೆಯಲ್ಲಿ ಹೇಳುತ್ತದೆ, ವ್ಯತ್ಯಾಸ ಉಳಿಸಿಕೊಳ್ಳುವ ಹೊಣೆ ನಮ್ಮದು. ಆ ಹೊಣೆ ಹೊರುವುದು ಹೇಗೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ಕಮಾಂಡುಗಳನ್ನು ಕಾರವಾರದಲ್ಲಿರುವ ಗೆಳೆಯನಿಗೆ ಫೋನಿನಲ್ಲಿ ಹೇಳಿಕೊಟ್ಟ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ನೀವು ಟರ್ಮಿನಲ್‌ನಲ್ಲಿ ಅವುಗಳ ಇಂಗ್ಲಿಷ್ ಅಕ್ಷರಗಳನ್ನೇ ಟೈಪ್ ಮಾಡಿ. ಎಲ್ಲವೂ ಲಿನಕ್ಸ್‌ನವು. ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಎಕ್ಸ್ಟ್4 ಎಂದಿಟ್ಟುಕೊಳ್ಳಿ.

ತೂತು ಅಂದರೆ ಏನು

ಅಡಿಕೆ ತೋಟದ ಒಂದು ಸಾಲಿನಲ್ಲಿ ನಲವತ್ತನೇ ಮರ ಸತ್ತು ಬಿದ್ದಿದೆ ಎನ್ನಿ. ಕೊನೆ ತೆಗೆಯುವವನು ನಲವತ್ತೊಂದನೇ ಮರವನ್ನು ನಲವತ್ತು ಎಂದು ಎಣಿಸುವುದಿಲ್ಲ. ಜಾಗ ಲೆಕ್ಕಕ್ಕೆ ಇದೆ, ಅಲ್ಲಿ ಮರ ಇಲ್ಲ, ಅಷ್ಟೇ. ಫೈಲಿನ ತೂತೂ ಹೀಗೆಯೇ. ಫೈಲಿನ ಉದ್ದದ ಲೆಕ್ಕದಲ್ಲಿ ಆ ಭಾಗ ಸೇರುತ್ತದೆ, ಆದರೆ ಅದಕ್ಕೆ ಡಿಸ್ಕಿನಲ್ಲಿ ಒಂದು ಬ್ಲಾಕನ್ನೂ (ಡಿಸ್ಕಿನ ಜಾಗ ಹಂಚುವ ತುಂಡು) ಕೊಟ್ಟಿರುವುದಿಲ್ಲ. ಫೈಲಿನ ನಕಾಶೆಯಲ್ಲಿ, ಅಂದರೆ ಯಾವ ಭಾಗ ಡಿಸ್ಕಿನಲ್ಲಿ ಎಲ್ಲಿದೆ ಎಂಬ ಪಟ್ಟಿಯಲ್ಲಿ, ಆ ಸಾಲೇ ಇರುವುದಿಲ್ಲ. ಇಂಥ ಫೈಲಿಗೆ ಸ್ಪಾರ್ಸ್ ಫೈಲ್ ಎನ್ನುತ್ತಾರೆ.

ತೂತು ಬೀಳುವುದಕ್ಕೆ ವಿಶೇಷ ಪ್ರಯತ್ನವೇನೂ ಬೇಕಿಲ್ಲ. ಫೈಲಿನ ಕೊನೆ ದಾಟಿ ಮುಂದಕ್ಕೆ ಹೋಗಿ ಬರೆದರೆ ನಡುವೆ ತೂತು. ಟ್ರಂಕೇಟ್‌ನಿಂದ ಉದ್ದ ಹೆಚ್ಚಿಸಿದರೆ ಹೆಚ್ಚಿದ್ದೆಲ್ಲ ತೂತು. ನನ್ನ ಪ್ರೋಗ್ರಾಮ್ ಜನವರಿ 1ಕ್ಕೆ ವರ್ಷದ ಫೈಲನ್ನು ಪೂರ್ತಿ ಉದ್ದಕ್ಕೆ ಎಳೆದಿಡುತ್ತದೆ: 5,25,600 ನಿಮಿಷ, ತಲಾ 64 ಬೈಟು, ಒಟ್ಟು 3,36,38,400 ಬೈಟು. ಆ ದಿನ ಫೈಲು ಪೂರ್ತಿ ತೂತು. ದಿನ ಕಳೆದಂತೆ ತುಂಬುತ್ತಾ ಹೋಗುತ್ತದೆ.

ಮೊದಲ ಹೆಜ್ಜೆ: ತೂತನ್ನು ಕಣ್ಣಾರೆ ನೋಡಿ

ಪುಟದ, ಅಂದರೆ ಕರ್ನಲ್ ಮೆಮೊರಿಯನ್ನು ಹಂಚುವ ತುಂಡಿನ, ಅಳತೆ ತಿಳಿಯದೆ ಲೆಕ್ಕ ಹಿಡಿಯುವುದು ಕಷ್ಟ, ಆದ್ದರಿಂದ ಮೊದಲು ಅದನ್ನೇ ಕೇಳಿ:

ಗೆಟ್‌ಕಾನ್ಫ್ ಪೇಜ್‌ಸೈಜ್

ನನ್ನ ಹಳೆಯ ಪೈ ಮತ್ತು ಸಾಮಾನ್ಯ ಇಂಟೆಲ್ ಯಂತ್ರಗಳಲ್ಲಿ ಉತ್ತರ 4096. ರಾಸ್ಪ್‌ಬೆರಿ ಪೈ 5ರಲ್ಲಿ ಅದರ ಮೂಲ ಓಎಸ್ ಹಾಕಿದ್ದರೆ 16384 ಬರುತ್ತದೆ. ಇದು ಮೆಮೊರಿಯ ಪುಟ. ಡಿಸ್ಕಿನ ಬ್ಲಾಕ್ ಬೇರೆ ಸಂಗತಿ, ಎಕ್ಸ್ಟ್4ನಲ್ಲಿ ಅದು ಸಾಮಾನ್ಯವಾಗಿ 4096 ಬೈಟು. ಮುಂದಿನ ಲೆಕ್ಕದಲ್ಲಿ ಎರಡೂ 4096 ಎಂದೇ ಹಿಡಿಯುತ್ತೇನೆ.

ಈಗ ಈ ಎರಡು ಕಮಾಂಡ್ ಕೊಡಿ:

ಎಲ್ಎಸ್ -ಎಲ್ ಮಳೆ.ಡ್ಯಾಟ್
ಡಿಯು -ಕೆ ಮಳೆ.ಡ್ಯಾಟ್

ಎಲ್ಎಸ್ ಹೇಳುವುದು ಸಾಲಿನ ಉದ್ದ, ಡಿಯು ಹೇಳುವುದು ನಿಂತಿರುವ ಮರಗಳ ಲೆಕ್ಕ. ಡಿಯು ಕೊಟ್ಟ ಅಂಕಿ ಉದ್ದಕ್ಕಿಂತ ಚಿಕ್ಕದಿದ್ದರೆ ತೂತು ಇರಬೇಕೆಂದು ಅನುಮಾನಿಸಬಹುದು. ಡೇಟಾವನ್ನು ಕುಗ್ಗಿಸಿ (ಕಂಪ್ರೆಸ್ ಮಾಡಿ) ಉಳಿಸುವ ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್‌ಗಳಲ್ಲಿ ಬೇರೆ ಕಾರಣಕ್ಕೂ ಚಿಕ್ಕದಾಗಬಹುದು, ಆದ್ದರಿಂದ ಇದು ಅನುಮಾನ ಮಾತ್ರ. ಸ್ಟ್ಯಾಟ್ ಕಮಾಂಡ್ ತೋರಿಸುವ ಬ್ಲಾಕುಗಳ ಲೆಕ್ಕ 512 ಬೈಟಿನದು, 4096ರದ್ದಲ್ಲ. ಬಹಳ ಜನ ಇಲ್ಲಿ ಎಡವುತ್ತಾರೆ.

ಅನುಮಾನ ಖಚಿತಪಡಿಸಿಕೊಳ್ಳಲು:

ಫೈಲ್‌ಫ್ರ್ಯಾಗ್ -ವಿ ಮಳೆ.ಡ್ಯಾಟ್

ಇದು ಫೈಲಿನ ನಕಾಶೆಯನ್ನೇ ಬಿಡಿಸಿ ತೋರಿಸುತ್ತದೆ. ನನ್ನ ಫೈಲಿನಲ್ಲಿ ತಾರ್ಕಿಕ ಬ್ಲಾಕ್ (ಫೈಲಿನ ತಲೆಯಿಂದ 0, 1, 2 ಎಂದು ಎಣಿಸಿದ್ದು) 4329ರವರೆಗೆ ಇದ್ದು, ಆಮೇಲಿನ ಸಾಲು ನೇರ 4397ರಿಂದ ಶುರುವಾಗಿತ್ತು. ನಡುವಿನ 4330ರಿಂದ 4396ರವರೆಗಿನ 67 ಬ್ಲಾಕುಗಳ ಸುದ್ದಿಯೇ ಇಲ್ಲ. ಅದೇ ಆ ಮೂರು ದಿನ.

ಇಲ್ಲೊಂದು ಸೂಕ್ಷ್ಮ ಇದೆ. ಅದನ್ನು ನಿಧಾನಕ್ಕೆ ನೋಡೋಣ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಒಂದು ಬ್ಲಾಕಿನಲ್ಲಿ 64 ದಾಖಲೆ ಹಿಡಿಸುತ್ತದೆ. ಜುಲೈ 12ರ 10:20 ಎಂದರೆ ವರ್ಷದ 2,77,100ನೇ ಸ್ಥಾನ. 64ರಿಂದ ಭಾಗಿಸಿದರೆ 4329, ಉಳಿಕೆ 44. ಅಂದರೆ 4329ನೇ ಬ್ಲಾಕಿನಲ್ಲಿ 44 ದಾಖಲೆ ಬರೆದು ಆಗಿತ್ತು, 20 ಬಾಕಿ ಇತ್ತು. ಪೈ ಎದ್ದಾಗಿನ ಸ್ಥಾನ 2,81,420. ಅದು 4397ನೇ ಬ್ಲಾಕಿನಲ್ಲಿ 12 ದಾಖಲೆ ಬಿಟ್ಟು ಶುರು. 67 ಬ್ಲಾಕಿನ 4,288, ಮೊದಲಿನ 20, ಕೊನೆಯ 12, ಕೂಡಿದರೆ ಸರಿಯಾಗಿ 4,320.

4,288 ನಿಮಿಷ ತೂತಿನಲ್ಲಿದೆ. ಆದರೆ ಉಳಿದ 32 ನಿಮಿಷ ತೂತಿನಲ್ಲಿಲ್ಲ. ಅವು ಡಿಸ್ಕಿನ ಮೇಲೆ ನಿಜವಾಗಿ ಬರೆದ ಸೊನ್ನೆಗಳಾಗಿ ಕೂತಿವೆ. ಅವನ್ನು ಬರೆದವರು ಯಾರು ಎನ್ನುವ ಪ್ರಶ್ನೆಗೆ ಉತ್ತರ ಪೇಜ್ ಕ್ಯಾಶ್‌ನಲ್ಲಿ ಸಿಗುತ್ತದೆ.

ಎರಡನೇ ಹೆಜ್ಜೆ: ಓದುವಾಗ ಕ್ಯಾಶ್‌ನಲ್ಲಿ ಏನಾಗುತ್ತದೆ, ಪ್ರಯೋಗ ಮಾಡಿ ನೋಡಿ

ಪ್ರೋಗ್ರಾಮ್ ರೀಡ್ ಮಾಡಿದಾಗ ಕರ್ನಲ್ ಮೊದಲು ನೋಡುವುದು ಪೇಜ್ ಕ್ಯಾಶ್‌ನಲ್ಲಿ, ಅಂದರೆ ಡಿಸ್ಕಿನ ಫೈಲುಗಳ ಪುಟಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗದಲ್ಲಿ. ಪುಟ ಅಲ್ಲಿ ಇಲ್ಲದಿದ್ದರೆ ಹೊಸ ಪುಟವೊಂದನ್ನು ತೆಗೆದುಕೊಂಡು, ‘ಈ ಫೈಲಿನ ಇಷ್ಟನೇ ಪುಟ’ ಎಂದು ದಾಖಲಿಸಿ, ಫೈಲ್ ಸಿಸ್ಟಮ್‌ಗೆ ಕೇಳುತ್ತದೆ: ಇದರ ಬ್ಲಾಕ್ ಎಲ್ಲಿ? ಬ್ಲಾಕ್ ಇದ್ದರೆ ಡಿಸ್ಕಿನಿಂದ ತರಿಸುತ್ತದೆ. ‘ನಕಾಶೆಯಲ್ಲಿ ಇಲ್ಲ’ ಎಂದು ಉತ್ತರ ಬಂದರೆ ಡಿಸ್ಕಿನ ತಂಟೆಗೆ ಹೋಗದೆ ಪುಟವನ್ನು ಸೊನ್ನೆಯಿಂದ ತುಂಬಿ, ‘ಇದು ಸರಿಯಾದ ಪುಟ’ ಎಂದು ಗುರುತು ಹಾಕಿ ಓದುಗನಿಗೆ ಕೊಡುತ್ತದೆ. ಸೊನ್ನೆಯೇ ಏಕೆ? ಮೆಮೊರಿಯ ಆ ಪುಟದಲ್ಲಿ ಮೊದಲು ಬೇರೆ ಯಾರದೋ ಪಾಸ್‌ವರ್ಡ್ ಇದ್ದಿರಬಹುದು. ಅದನ್ನು ಒರೆಸದೆ ಕೊಟ್ಟರೆ ಗುಟ್ಟು ಸೋರುತ್ತದೆ. ಹಾಗಾಗಿ ಈ ಸೊನ್ನೆ ಒಂದು ಭದ್ರತಾ ನಿಯಮ. ಮಳೆಯ ಬಗ್ಗೆ ಅದು ಏನನ್ನೂ ಹೇಳುತ್ತಿಲ್ಲ.

ಇದರ ಖರ್ಚನ್ನು ನೀವೇ ಅಳೆಯಬಹುದು. 1 ಜಿಬಿಯ, ಪೂರ್ತಿ ತೂತಿನ ಫೈಲ್ ಮಾಡಿ:

ಟ್ರಂಕೇಟ್ -ಎಸ್ 1ಜಿ ಖಾಲಿ.ಇಮೇಜ್
ಫಿನ್‌ಕೋರ್ ಖಾಲಿ.ಇಮೇಜ್
ಡಿಡಿ ಐಎಫ್=ಖಾಲಿ.ಇಮೇಜ್ ಒಎಫ್=/ಡೆವ್/ನಲ್ ಬಿಎಸ್=1ಎಮ್
ಫಿನ್‌ಕೋರ್ ಖಾಲಿ.ಇಮೇಜ್

ಫಿನ್‌ಕೋರ್ ಎಂಬುದು ಫೈಲಿನ ಎಷ್ಟು ಪುಟ ಕ್ಯಾಶ್‌ನಲ್ಲಿದೆ ಎಂದು ಹೇಳುವ ಪುಟ್ಟ ಸಾಧನ. ಮೊದಲ ಸಲ ಸೊನ್ನೆ ಪುಟ. ಓದಿದ ಮೇಲೆ, ಯಂತ್ರದಲ್ಲಿ ಸಾಕಷ್ಟು ಮೆಮೊರಿ ಇದ್ದರೆ, 2,62,144 ಪುಟ. ಡಿಸ್ಕಿನಲ್ಲಿ ಏನೇನೂ ಇಲ್ಲದ ಫೈಲು ಮೆಮೊರಿಯಲ್ಲಿ ಪೂರ್ತಿ ಒಂದು ಜಿಬಿ ಆಕ್ರಮಿಸಿ ಕೂತಿದೆ! ಡಿಯು ಈಗಲೂ ಸೊನ್ನೆಯನ್ನೇ ಹೇಳುತ್ತದೆ. ನನ್ನ ಪೈಯಂಥ ಸಣ್ಣ ಯಂತ್ರದಲ್ಲಿ ಇದು ಉಪಯೋಗಕ್ಕೆ ಬರುವ ಪುಟಗಳನ್ನು ಹೊರದಬ್ಬಿ ಜಾಗ ಮಾಡಿಕೊಳ್ಳುತ್ತದೆ.

ಎಲ್ಲ ಸೊನ್ನೆಯೂ ಒಂದೇ ತರ, ಒಂದೇ ಪುಟವನ್ನು ಎಲ್ಲರಿಗೂ ತೋರಿಸಬಾರದೇ ಎಂದು ಗೆಳೆಯ ಕೇಳಿದ. ಸರಿಯಾದ ಪ್ರಶ್ನೆ. ಕರ್ನಲ್‌ನಲ್ಲಿ ಹಾಗೆ ಹಂಚಿಕೊಳ್ಳುವ ಸೊನ್ನೆ ಪುಟ ಒಂದು ಇದೆ. ಪ್ರೋಗ್ರಾಮ್ ಕೇಳಿ ಪಡೆದ, ಇನ್ನೂ ಏನೂ ಬರೆಯದ ಮೆಮೊರಿಯನ್ನು ಓದಿದಾಗ ಆ ಪುಟವನ್ನೇ ತೋರಿಸುತ್ತದೆ. ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಮ್ ಆದ ಟಿಎಂಪಿಎಫ್‌ಎಸ್‌ನ ಫೈಲಿನ ತೂತನ್ನು ರೀಡ್‌ನಿಂದ ಓದಿದರೂ ಅದೇ ಪುಟದಿಂದ ನಕಲು ಮಾಡಿ ಕೊಡುತ್ತದೆ. ಮೇಲಿನ ಪ್ರಯೋಗವನ್ನು /ಡೆವ್/ಎಸ್ಎಚ್ಎಂ (ಅದು ಟಿಎಂಪಿಎಫ್‌ಎಸ್) ಒಳಗೆ ಮಾಡಿದರೆ ಪುಟಗಳು ಏರುವುದಿಲ್ಲ. ಆದರೆ ಎಕ್ಸ್ಟ್4, ಎಕ್ಸ್‌ಎಫ್‌ಎಸ್‌ಗಳ ಮಾಮೂಲು ಪೇಜ್ ಕ್ಯಾಶ್‌ನಲ್ಲಿ ಒಂದು ಪುಟಕ್ಕೆ ಒಂದೇ ಮನೆ, ಒಂದೇ ನಂಬರು: ಇಂಥ ಫೈಲು, ಇಷ್ಟನೇ ಪುಟ. ನಾಳೆ ಅಲ್ಲಿಗೆ ಯಾರಾದರೂ ಬರೆದರೆ ಆ ಪುಟವೇ ಬದಲಾಗಬೇಕು, ಅದನ್ನು ನೋಡುತ್ತಿರುವ ಎಲ್ಲರಿಗೂ ಬದಲಾವಣೆ ಕಾಣಬೇಕು. ಸಾವಿರ ಮನೆಗೆ ಸೇರಿದ ಪುಟದಲ್ಲಿ ಅದು ಸಾಧ್ಯವಿಲ್ಲ.

ಪ್ರಯೋಗ ಮುಗಿದ ಮೇಲೆ ಫೈಲ್ ಅಳಿಸಿದರೆ ಪುಟಗಳೂ ಹೋಗುತ್ತವೆ.

ಮೂರನೇ ಹೆಜ್ಜೆ: ತೂತಿನೊಳಗೆ ಬರೆಯುವುದು

ಈಗ ಆ 32 ನಿಮಿಷದ ಉತ್ತರ. 15ರಂದು ಪೈ ಎದ್ದು ಮೊದಲ 64 ಬೈಟು ಬರೆದದ್ದು 4397ನೇ ಪುಟದ ನಡುವೆ. ಅಲ್ಲಿ ಅಲ್ಲಿಯವರೆಗೆ ತೂತು. ಕರ್ನಲ್ ಹೊಸ ಪುಟ ತೆಗೆಯಿತು. ಬ್ಲಾಕ್ ಹೊಸದು, ಆದ್ದರಿಂದ ಡಿಸ್ಕಿನಿಂದ ಓದುವ ಅಗತ್ಯವಿಲ್ಲ. ನನ್ನ 64 ಬೈಟನ್ನು ಅದರ ಜಾಗದಲ್ಲಿ ಇಟ್ಟಿತು. ಅದರ ಮುಂದಿನ, ಹಿಂದಿನ ಬೈಟುಗಳಿಗೆಲ್ಲ ಸೊನ್ನೆ ತುಂಬಿತು. ಪುಟಕ್ಕೆ ‘ಕೊಳೆ’ ಎಂದು, ಅಂದರೆ ಡಿಸ್ಕಿಗೆ ಇನ್ನೂ ಹೋಗಬೇಕಾದದ್ದು ಎಂದು ಗುರುತು ಹಾಕಿತು. ಡಿಸ್ಕಿಗೆ ಹೋಗುವುದು 64 ಬೈಟಲ್ಲ, ಪೂರ್ತಿ 4096. ಪುಟದ ತಲೆಯ 12 ದಾಖಲೆಗಳ ಸೊನ್ನೆಯೂ ಹಾಗೆ ಡಿಸ್ಕಿಗೆ ಇಳಿಯಿತು. 4329ನೇ ಪುಟದ ಬಾಲದ 20 ದಾಖಲೆಗಳ ಸೊನ್ನೆಯೂ 12ರಂದು ಇದೇ ರೀತಿ ಇಳಿದಿತ್ತು. ಹೀಗೆ ತುಂಬದೆ ಬಿಟ್ಟರೆ ಆ ಬ್ಲಾಕಿನಲ್ಲಿ ಹಿಂದೆ ಇದ್ದ, ಯಾರೋ ಅಳಿಸಿದ ಫೈಲಿನ ಚೂರು ನನ್ನ ಮಳೆ ಲೆಕ್ಕದಲ್ಲಿ ಪ್ರತ್ಯಕ್ಷವಾಗುತ್ತಿತ್ತು.

ಬರೆದದ್ದು ಕೂಡಲೇ ಡಿಸ್ಕಿಗೆ ಹೋಯಿತು ಎಂದುಕೊಳ್ಳಬೇಡಿ. ಸಾಮಾನ್ಯ ಸೆಟ್ಟಿಂಗಿನಲ್ಲಿ ಕೊಳೆ ಪುಟ ಸುಮಾರು 30 ಸೆಕೆಂಡು ಮೆಮೊರಿಯಲ್ಲೇ ಇರಬಹುದು. ಘಟ್ಟದ ಮೇಲಿನ ಮಳೆಗಾಲದಲ್ಲಿ ಕರೆಂಟ್ ಹೇಳಿಕೇಳಿ ಹೋಗುವುದಿಲ್ಲ. ನಾನು ಪ್ರತಿ ದಾಖಲೆಯ ನಂತರ ಎಫ್‌ಸಿಂಕ್ ಮಾಡುತ್ತೇನೆ, ಅಂದರೆ ‘ಈಗಲೇ ಡಿಸ್ಕಿಗೆ ಇಳಿಸು’ ಎಂದು ಕರ್ನಲ್‌ಗೆ ಹೇಳುತ್ತೇನೆ. ನಿಮಿಷಕ್ಕೆ ಒಂದು ಸಲ ಅಂದರೆ ಎಸ್‌ಡಿ ಕಾರ್ಡಿಗೆ ತಡೆದುಕೊಳ್ಳುವಷ್ಟೇ ಕೆಲಸ. ಅದಿಲ್ಲದಿದ್ದರೆ 44ರಲ್ಲಿ ಕೊನೆಯದು ಉಳಿಯುತ್ತಿತ್ತೆಂಬ ಖಾತ್ರಿ ಇರಲಿಲ್ಲ.

ಎಂಮ್ಯಾಪ್ ಬಳಸುವವರು, ಅಂದರೆ ಫೈಲನ್ನು ಪ್ರೋಗ್ರಾಮಿನ ಮೆಮೊರಿಗೇ ಜೋಡಿಸಿಕೊಂಡು ಓದಿ ಬರೆಯುವವರು, ಎರಡು ಕಡೆ ಎಚ್ಚರ ವಹಿಸಬೇಕು.

ಒಂದು, ಫೈಲಿನ ಬಾಲ. ನನ್ನ ಫೈಲಿನ ಉದ್ದ 8,212 ಪುಟ ಮತ್ತು ಅರ್ಧ. ಕೊನೆಯ ಪುಟದ ಉಳಿದರ್ಧ ಫೈಲಿಗೆ ಸೇರಿದ್ದಲ್ಲ, ಕರ್ನಲ್ ಅದನ್ನು ಸೊನ್ನೆ ಮಾಡಿಟ್ಟಿರುತ್ತದೆ. ಎಂಮ್ಯಾಪ್‌ನಲ್ಲಿ ಅಲ್ಲಿ ಓದಿದರೆ ಸೊನ್ನೆ ಸಿಗುತ್ತದೆ. ಬರೆದರೂ ತಪ್ಪು ಬರುವುದಿಲ್ಲ, ಆದರೆ ಬರೆದದ್ದು ಫೈಲಿಗೆ ಸೇರುವುದಿಲ್ಲ. ತಪ್ಪು ಬಾರದ ಕಾರಣಕ್ಕೇ ಇದು ಅಪಾಯಕಾರಿ. ಆ ಪುಟವನ್ನೂ ದಾಟಿ ಮುಂದೆ ಮುಟ್ಟಿದರೆ ಮಾತ್ರ ಪ್ರೋಗ್ರಾಮ್ ಸಿಗ್‌ಬಸ್ ಸಿಗ್ನಲ್ ತಿಂದು ಬೀಳುತ್ತದೆ.

ಎರಡು, ಡಿಸ್ಕ್ ತುಂಬಿದಾಗ. ರೈಟ್‌ನಿಂದ ತೂತಿಗೆ ಬರೆದರೆ ‘ಜಾಗ ಇಲ್ಲ’ ಎಂಬ ತಪ್ಪು ಸಂಖ್ಯೆ ಕೈಗೆ ಬರುತ್ತದೆ, ನೋಡಿ ಸುಧಾರಿಸಿಕೊಳ್ಳಬಹುದು. ಎಂಮ್ಯಾಪ್‌ನಲ್ಲಿ ಒಂದು ಸಾಮಾನ್ಯ ವೇರಿಯಬಲ್‌ಗೆ ಬೆಲೆ ಕೊಡುವ ಸಾಲಿನಲ್ಲೇ, ತೂತಿಗೆ ಬ್ಲಾಕ್ ಸಿಗದೆ, ಸಿಗ್‌ಬಸ್ ಬರುತ್ತದೆ. ಇದಕ್ಕೆ ಮದ್ದು ಮೊದಲೇ ಜಾಗ ಕಾದಿರಿಸುವುದು:

ಫಾಲೊಕೇಟ್ -ಎಲ್ 33638400 ಮಳೆ.ಡ್ಯಾಟ್

ಇದು ಇದ್ದ ದಾಖಲೆಯನ್ನು ಮುಟ್ಟುವುದಿಲ್ಲ. ತೂತುಗಳಿಗೆ ಬ್ಲಾಕ್ ಕೊಟ್ಟು ‘ಇನ್ನೂ ಬರೆದಿಲ್ಲ’ ಎಂಬ ಚೀಟಿ ಅಂಟಿಸುತ್ತದೆ. ಗುಂಡಿ ತೋಡಿ ಇಟ್ಟಿದೆ, ಸಸಿ ನೆಟ್ಟಿಲ್ಲ. ಓದಿದರೆ ಆಗಲೂ ಸೊನ್ನೆಯೇ. ಫೈಲ್‌ಫ್ರ್ಯಾಗ್‌ನಲ್ಲಿ ಆ ಸಾಲುಗಳ ಪಕ್ಕ ‘ಅನ್‌ರಿಟನ್’ ಎಂದು ಕಾಣುತ್ತದೆ.

ನಾಲ್ಕನೇ ಹೆಜ್ಜೆ: ತೂತು ಹಾರಿ ಓದುವುದು

ದೊಡ್ಡ ಫೈಲನ್ನು ಸೊನ್ನೆ ಓದುತ್ತಾ ಕೂರುವ ಬದಲು ಕರ್ನಲ್‌ಗೇ ಕೇಳಬಹುದು. ಫೈಲಿನೊಳಗೆ ಓದುವ ಸ್ಥಾನ ಬದಲಿಸುವ ಎಲ್‌ಸೀಕ್‌ಗೆ ಎರಡು ಆಯ್ಕೆ ಇವೆ: ಮುಂದಿನ ಡೇಟಾ ಎಲ್ಲಿ ಎಂದು ಕೇಳಲು ಸೀಕ್ ಡೇಟಾ, ಮುಂದಿನ ತೂತು ಎಲ್ಲಿ ಎಂದು ಕೇಳಲು ಸೀಕ್ ಹೋಲ್. ಮೊದಲು ಬಂದದ್ದು ಸೋಲಾರಿಸ್ ಎಂಬ ಯುನಿಕ್ಸ್‌ನಲ್ಲಿ. ಲಿನಕ್ಸ್‌ಗೆ 2011ರಲ್ಲಿ 3.1ನೇ ಕರ್ನಲ್ ಜೊತೆ ಬಂತು. ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಇರುವ ಪೋಸಿಕ್ಸ್ ಮಾನಕದ 2024ರ ಆವೃತ್ತಿಯಲ್ಲೂ ಸೇರಿದೆ.

ಕ್ರಮ ಹೀಗೆ. ಸ್ಥಾನ 0 ಇಟ್ಟುಕೊಂಡು ಸೀಕ್ ಡೇಟಾ ಕೇಳಿ. ಬಂದ ಉತ್ತರದಿಂದ ಸೀಕ್ ಹೋಲ್ ಕೇಳಿ. ಈ ಎರಡರ ನಡುವಿನದನ್ನು, ಸ್ಥಾನ ಹೇಳಿ ಓದುವ ಪಿರೀಡ್‌ನಿಂದ ಓದಿ. ಎಲ್‌ಸೀಕ್ ಫೈಲಿನ ಸ್ಥಾನವನ್ನು ಅಲುಗಿಸುತ್ತದೆ, ಆದ್ದರಿಂದ ಬರೀ ರೀಡ್ ಬಳಸಿ ಗೊಂದಲ ಮಾಡಿಕೊಳ್ಳಬೇಡಿ. ಆಮೇಲೆ ಹೋಲ್ ಸಿಕ್ಕ ಜಾಗದಿಂದ ಮತ್ತೆ ಸೀಕ್ ಡೇಟಾ. ಮುಂದೆ ಡೇಟಾ ಇಲ್ಲದಿದ್ದರೆ ಇಎನ್‌ಎಕ್ಸ್‌ಐಒ ಎಂಬ ತಪ್ಪು ಬರುತ್ತದೆ. ಅದು ಕೆಲಸ ಮುಗಿಯಿತು ಎಂಬ ಸೂಚನೆ, ಕೆಟ್ಟಿತು ಎಂದಲ್ಲ. ಪ್ರತಿ ಫೈಲಿನ ಕೊನೆಯಲ್ಲಿ ಒಂದು ತೂತು ಇದೆ ಎಂದೇ ನಿಯಮ, ಹಾಗಾಗಿ ಕೊನೆಯ ಸೀಕ್ ಹೋಲ್ ಫೈಲಿನ ಉದ್ದವನ್ನೇ ಕೊಡುತ್ತದೆ.

ವರ್ಷ ಮುಗಿದ ನನ್ನ ಫೈಲಿಗೆ ಬಂದ ಉತ್ತರ: ಡೇಟಾ 0, ಹೋಲ್ 1,77,35,680, ಡೇಟಾ 1,80,10,112, ಹೋಲ್ 3,36,38,400. ಮೊದಲ ಹೋಲ್‌ನ ಸಂಖ್ಯೆಯನ್ನು 4096ರಿಂದ ಭಾಗಿಸಿ ನೋಡಿ, 4330 ಬರುತ್ತದೆ.

ಇದನ್ನು ನೋಡಿದ ಕೂಡಲೇ ನನಗೆ ಹೊಳೆದದ್ದು, ಇದರಿಂದಲೇ ‘ದಾಖಲೆ ಇಲ್ಲ’ ಎಂದು ತಿಳಿಯಬಹುದಲ್ಲ ಎಂದು. ಹಾಗೆ ಮಾಡಬೇಡಿ. ಕಾರಣ ಮೂರಿವೆ. ಅಂಚಿನ 32 ನಿಮಿಷ ಇದಕ್ಕೆ ಡೇಟಾ. ತೂತುಗಳನ್ನು ಬೆಂಬಲಿಸದ ಫೈಲ್ ಸಿಸ್ಟಮ್‌ಗೆ ಫೈಲು ಹೋದರೆ ಪೂರ್ತಿ ಡೇಟಾ ಎಂದೇ ಉತ್ತರ ಬರುತ್ತದೆ, ಮತ್ತು ಅದು ನಿಯಮದ ಪ್ರಕಾರ ಸರಿ. ಮೂರನೆಯದು ಇನ್ನೂ ವಿಚಿತ್ರ: ಫಾಲೊಕೇಟ್‌ನಿಂದ ಕಾದಿರಿಸಿದ, ಬರೆಯದ ಭಾಗ ಮೊದಲು ಹೋಲ್ ಎಂದು ಕಾಣುತ್ತದೆ, ಅದನ್ನು ಒಮ್ಮೆ ಓದಿ ಪುಟ ಕ್ಯಾಶ್‌ಗೆ ಬಂದ ಮೇಲೆ ಡೇಟಾ ಎಂದು ಕಾಣುತ್ತದೆ. ಕ್ಯಾಶ್‌ನಲ್ಲಿ ಪುಟ ಇದ್ದರೆ ಯಾರಾದರೂ ಬರೆದಿರಬಹುದು ಎಂದು ಕರ್ನಲ್ ಜಾಗರೂಕತೆಯಿಂದ ಡೇಟಾ ಅನ್ನುತ್ತದೆ. ಬರೀ ಓದಿದ್ದಕ್ಕೇ ಉತ್ತರ ಬದಲಾಯಿತು. ಸೀಕ್ ಹೋಲ್ ವೇಗಕ್ಕೆ ಇರುವ ಸಾಧನ, ಸಾಕ್ಷಿ ಹೇಳಿಸುವುದಕ್ಕಲ್ಲ.

ಜಾಗರೂಕತೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2023ರ ನವೆಂಬರ್‌ನಲ್ಲಿ ಓಪನ್ ಝಡ್‌ಎಫ್‌ಎಸ್‌ನಲ್ಲಿ ಒಂದು ದೋಷ ಬೆಳಕಿಗೆ ಬಂತು. ಆಗಷ್ಟೇ ಬರೆದ, ಇನ್ನೂ ಡಿಸ್ಕಿಗೆ ಇಳಿಯದ ಭಾಗವನ್ನು ಅದು ಅಪರೂಪದ ಸಂದರ್ಭದಲ್ಲಿ ಹೋಲ್ ಎಂದು ಹೇಳುತ್ತಿತ್ತು. ಸಿಪಿ ಕಮಾಂಡ್ ಅದನ್ನು ನಂಬಿ ಹಾರಿ ಹೋಗುತ್ತಿತ್ತು, ನಕಲಿನಲ್ಲಿ ಡೇಟಾ ಇರಬೇಕಾದ ಕಡೆ ಸೊನ್ನೆ ಉಳಿಯುತ್ತಿತ್ತು. 2.2.2 ಮತ್ತು 2.1.14ನೇ ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು. ಈ ಫೈಲ್ ಸಿಸ್ಟಮ್ ಬಳಸುವವರು ತಮ್ಮ ಆವೃತ್ತಿ ನೋಡಿಕೊಳ್ಳಿ.

ಐದನೇ ಹೆಜ್ಜೆ: ನಕಲು, ಬ್ಯಾಕಪ್

ನನ್ನ ಮಳೆ ಫೈಲು 33 ಎಂಬಿಯದು, ತೂತು ತುಂಬಿದರೂ ನಷ್ಟವಿಲ್ಲ. ಕಾರವಾರದ ಗೆಳೆಯನದ್ದು ಬೇರೆ ಕತೆ. ಅವನ ವರ್ಚುವಲ್ ಯಂತ್ರದ ಡಿಸ್ಕ್ ಇಮೇಜ್ ಉದ್ದ 200 ಜಿಬಿ, ಒಳಗಿನ ನಿಜವಾದ ಡೇಟಾ ಇಪ್ಪತ್ತು ಚಿಲ್ಲರೆ. 128 ಜಿಬಿಯ ಎಕ್ಸ್‌ಫ್ಯಾಟ್ ಪೆನ್‌ಡ್ರೈವ್‌ಗೆ ಹಾಕಿ ಕುಮಟಾ ಮೇಲೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕಳಿಸುತ್ತೇನೆ ಎಂದ. ಹಿಡಿಸಲಿಲ್ಲ. ಎಕ್ಸ್‌ಫ್ಯಾಟ್‌ಗೆ ತೂತು ಗೊತ್ತಿಲ್ಲ, ಎಲ್ಲ ಸೊನ್ನೆಯನ್ನೂ ಬರೆಯಬೇಕು.

ಅವನಿಗೆ ಹೇಳಿದ್ದು ಇದು. ಅದೇ ಪೆನ್‌ಡ್ರೈವ್‌ಗೆ ಹಾಕಬೇಕಿದ್ದರೆ ಟಾರ್ ಕಟ್ಟು:

ಟಾರ್ -ಎಸ್ -ಸಿಎಫ್ ಯಂತ್ರ.ಟಾರ್ ಯಂತ್ರ.ಇಮೇಜ್

ಇಲ್ಲಿನ ಎಸ್ ದೊಡ್ಡಕ್ಷರ, ಸ್ಪಾರ್ಸ್ ಎಂದು. ಟಾರ್ ಫೈಲಿನೊಳಗೆ ತೂತಿನ ನಕಾಶೆ ಮಾತ್ರ ಹೋಗುತ್ತದೆ, ಸೊನ್ನೆ ಹೋಗುವುದಿಲ್ಲ. ಇನ್ನೊಂದು ಎಕ್ಸ್ಟ್4 ಡಿಸ್ಕಿಗಾದರೆ ಸಿಪಿ ಸಾಕು, ಅದು ತಾನಾಗಿಯೇ ತೂತು ಗುರುತಿಸುತ್ತದೆ. ನಿಜವಾಗಿ ಬರೆದ ಸೊನ್ನೆಗಳನ್ನೂ ತೂತು ಮಾಡಬೇಕಿದ್ದರೆ --ಸ್ಪಾರ್ಸ್=ಆಲ್ವೇಸ್ ಸೇರಿಸಿ. ಆರ್‌ಸಿಂಕ್‌ಗೆ ದೊಡ್ಡಕ್ಷರದ -ಎಸ್ ಕೊಡದಿದ್ದರೆ ಆಚೆ ಬದಿಯಲ್ಲಿ ತೂತು ತುಂಬಿಹೋಗುತ್ತದೆ. ಎಸ್‌ಸಿಪಿಗೆ ಇದಾವುದೂ ತಿಳಿಯದು, 200 ಜಿಬಿಯನ್ನೂ ನೆಟ್‌ನಲ್ಲಿ ಸಾಗಿಸುತ್ತದೆ. ಯಂತ್ರ ಓಡುತ್ತಿರುವಾಗ ಇಮೇಜ್ ನಕಲು ಮಾಡಬೇಡ, ಮೊದಲು ನಿಲ್ಲಿಸು ಎಂದೂ ಹೇಳಿದೆ.

ಆರನೇ ಹೆಜ್ಜೆ: ತೂತು ಕೊರೆಯುವುದು

ಬೇಡವಾದ ಭಾಗವನ್ನು ಫೈಲಿನ ಉದ್ದ ಕೆಡಿಸದೆ ಡಿಸ್ಕಿಗೆ ಹಿಂತಿರುಗಿಸಲು 2011ರ 2.6.38ನೇ ಕರ್ನಲ್‌ನಿಂದ ಅನುಕೂಲ ಇದೆ:

ಫಾಲೊಕೇಟ್ -ಪಿ -ಒ 17735680 -ಎಲ್ 274432 ಮಳೆ.ಡ್ಯಾಟ್

ಒ ಎಂದರೆ ಶುರುವಾಗುವ ಸ್ಥಾನ, ಎಲ್ ಎಂದರೆ ಉದ್ದ. ಪೂರ್ತಿಯಾಗಿ ಒಳಗೆ ಬರುವ ಬ್ಲಾಕುಗಳು ಬಿಡುಗಡೆಯಾಗುತ್ತವೆ. ಅಂಚಿನ ಅರೆಬರೆ ಬ್ಲಾಕ್ ಉಳಿದು ಅದರ ಆ ಭಾಗ ಸೊನ್ನೆಯಾಗುತ್ತದೆ. ಕ್ಯಾಶ್‌ನಲ್ಲಿದ್ದ ಆ ವ್ಯಾಪ್ತಿಯ ಪುಟಗಳನ್ನೂ ಕರ್ನಲ್ ಎಸೆಯುತ್ತದೆ, ಇಲ್ಲದಿದ್ದರೆ ಓದುವವನಿಗೆ ಹಳೆಯ ಡೇಟಾ ಸಿಗುತ್ತಿತ್ತು. ಒಬ್ಬ ಪುಟ ತರಿಸಿಕೊಳ್ಳುತ್ತಿರುವ ಕ್ಷಣದಲ್ಲೇ ಇನ್ನೊಬ್ಬ ಅದರಡಿಯ ಬ್ಲಾಕ್ ಕಿತ್ತರೆ ಏನು ಗತಿ? ಈ ಜಗಳ ಬಿಡಿಸಲು 2021ರ 5.15ನೇ ಕರ್ನಲ್‌ನಲ್ಲಿ ಎಲ್ಲ ಫೈಲ್ ಸಿಸ್ಟಮ್‌ಗಳಿಗೂ ಬಳಕೆಯಾಗುವಂಥ ಬೀಗವೊಂದನ್ನು ಪೇಜ್ ಕ್ಯಾಶ್‌ಗೇ ಸೇರಿಸಿದರು.

ಈ ಕಮಾಂಡ್‌ಗೆ ಹಿಂದಕ್ಕೆ ದಾರಿ ಇಲ್ಲ. ಸಂಖ್ಯೆ ಒಂದು ಅಂಕಿ ತಪ್ಪಿದರೆ ಇರುವ ದಾಖಲೆ ಹೋಗುತ್ತದೆ. ಮೊದಲು ನಕಲಿನ ಮೇಲೆ ಮಾಡಿ ನೋಡಿ. ಸೊನ್ನೆ ತುಂಬಿದ ಬ್ಲಾಕುಗಳನ್ನು ತಾನೇ ಹುಡುಕಿ ಕೊರೆಯಲಿ ಎಂದರೆ ಫಾಲೊಕೇಟ್ -ಡಿ ಸುರಕ್ಷಿತ, ಓದುವವನಿಗೆ ವ್ಯತ್ಯಾಸ ಕಾಣದು. ಆದರೆ ಮುಂದಕ್ಕೆಂದು ಕಾದಿರಿಸಿದ ಜಾಗವಿದ್ದರೆ ಅದೂ ಹೋಗಬಹುದು. ಮೆಮೊರಿ ಸಾಲದಾಗ ಕರ್ನಲ್ ಬಳಸುವ ಸ್ವಾಪ್ ಫೈಲಿನಲ್ಲಂತೂ ತೂತು ಇರಲೇಬಾರದು, ಸ್ವಾಪ್‌ಆನ್ ಅಂಥ ಫೈಲನ್ನು ತಿರಸ್ಕರಿಸುತ್ತದೆ.

ಏಳನೇ ಹೆಜ್ಜೆ: ಸೊನ್ನೆಗೆ ಅರ್ಥ ಕೊಡುವುದು

ಮೇಲಿನದೆಲ್ಲ ಕರ್ನಲ್‌ನ ಕೆಲಸ ಅರಿತುಕೊಳ್ಳುವುದಕ್ಕೆ. ನಮ್ಮ ಕೆಲಸ ಒಂದು ಸಾಲಿನದು: ಪೂರ್ತಿ ಸೊನ್ನೆಯ ದಾಖಲೆ ಎಂದೂ ಸರಿಯಾದ ದಾಖಲೆ ಆಗದಂತೆ ನೋಡಿಕೊಳ್ಳಬೇಕು.

ಈಗ ನನ್ನ ಪ್ರತಿ ದಾಖಲೆಯ ಮೊದಲ ಬೈಟು ಸೊನ್ನೆಯಲ್ಲದ ಒಂದು ಗುರುತು. ನಂತರ ಆ ನಿಮಿಷದ ಸಮಯ. ಸ್ಥಾನದಿಂದಲೇ ಸಮಯ ತಿಳಿಯುತ್ತದಾದರೂ ಒಳಗೂ ಬರೆಯುತ್ತೇನೆ, ಎರಡೂ ಹೊಂದದಿದ್ದರೆ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಕೊನೆಯಲ್ಲಿ ಚೆಕ್‌ಸಮ್, ಅಂದರೆ ದಾಖಲೆ ಕೆಟ್ಟಿಲ್ಲವೇ ಎಂದು ತಾಳೆ ನೋಡುವ ಸಂಖ್ಯೆ. ಇಲ್ಲೂ ಒಂದು ಬಲೆ ಇದೆ. ಬೈಟುಗಳನ್ನು ಬರೀ ಕೂಡಿಸುವ ಚೆಕ್‌ಸಮ್ ಆದರೆ ಸೊನ್ನೆಗಳ ಮೊತ್ತ ಸೊನ್ನೆ, ಚೆಕ್‌ಸಮ್ ಜಾಗದಲ್ಲಿ ಓದಿದ್ದೂ ಸೊನ್ನೆ. ತೂತು ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಸೊನ್ನೆಯಿಂದ ಶುರುವಾಗುವ ಸಿಆರ್‌ಸಿ ಎಂಬ ಇನ್ನೊಂದು ಬಗೆಯ ಚೆಕ್‌ಸಮ್‌ನಲ್ಲೂ ಹಾಗೆಯೇ. ಆರಂಭದ ಬೆಲೆ ಸೊನ್ನೆಯಲ್ಲದ್ದನ್ನು ಆರಿಸಿ, ಅಥವಾ ಗುರುತಿನ ಬೈಟನ್ನು ಮೊದಲು ನೋಡಿ.

ಹಳೆಯ ಫೈಲಿಗೆ ಗುರುತು ಇರಲಿಲ್ಲ. ಆದರೆ ಆ 64 ಬೈಟಿನಲ್ಲಿ ಮಳೆಯ ಜೊತೆ ಬ್ಯಾಟರಿಯ ವೋಲ್ಟೇಜನ್ನೂ ಬರೆದಿಟ್ಟಿದ್ದೆ. ಬರೆಯುವಷ್ಟು ಜೀವ ಇದ್ದ ಯಂತ್ರದ ವೋಲ್ಟೇಜ್ ಸೊನ್ನೆ ಇರಲು ಸಾಧ್ಯವೇ ಇಲ್ಲ. ವೋಲ್ಟೇಜ್ ಸೊನ್ನೆ ಇರುವ ದಾಖಲೆಗಳನ್ನು ಎಣಿಸಿದೆ: ಜುಲೈ 12ರ 10:20ರಿಂದ ಸಾಲಾಗಿ 4,320. ಅಂಚಿನ 20, 12 ಕೂಡ ಸಿಕ್ಕಿದವು.

ಗ್ರಾಫನ್ನು ಮತ್ತೆ ಬರೆಸಿದೆ. ಈಗ ಗೆರೆ 12ರ ಬೆಳಿಗ್ಗೆ ಜೋರು ಮಳೆಯ ಎತ್ತರದಲ್ಲೇ ತುಂಡಾಗುತ್ತದೆ, 15ರ ಬೆಳಿಗ್ಗೆ ಮತ್ತೆ ಶುರುವಾಗುತ್ತದೆ, ನಡುವೆ ಬಿಳಿ ಜಾಗ. ಅದರ ಪ್ರಿಂಟ್ ತೆಗೆದು ಪಕ್ಕದ ತೋಟದವರಿಗೆ ಕೊಟ್ಟು ಬಂದೆ.